34ನೇ ನಂಬರಿನ ಹೆಸರು

ತರಗತಿಯಲ್ಲಿ ಹಾಜರಿ ಕರೆಯುವುದಕ್ಕೆ ಎರಡು ದಾರಿಗಳಿವೆ. ಒಂದು, ಹೆಸರು ಹಿಡಿದು ಕರೆಯುವುದು. ಇನ್ನೊಂದು, ನಂಬರು ಹಿಡಿದು ಕರೆಯುವುದು. 60 ಮಕ್ಕಳಿರುವ ಕಡೆ ನಂಬರು ಕರೆದರೆ ಎರಡು ನಿಮಿಷ ಉಳಿಯುತ್ತದೆ ಎಂದು ನಾವು ಮೇಷ್ಟ್ರುಗಳು ಸಮಜಾಯಿಷಿ ಕೊಡುವುದುಂಟು. ನಾನೂ ಮೂರು ವರ್ಷ ಅದನ್ನೇ ಹೇಳಿಕೊಂಡು ಬಂದೆ. ನಿಜವಾದ ಕಾರಣ ಬೇರೆ ಇತ್ತು. ಹತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ 34ನೇ ನಂಬರು ನನ್ನ ಮಗಳದು. ಅವಳ ಹೆಸರು ತಿಮ್ಮಕ್ಕ. ಆ ಹೆಸರನ್ನು ಅಷ್ಟು ಮಕ್ಕಳೆದುರು ಕರೆಯಲು ನನಗೆ ನಾಚಿಕೆಯಾಗುತ್ತಿತ್ತು.

ಬಿ.ಎಸ್ಸಿ., ಬಿ.ಇಡಿ. ಮಾಡಿಕೊಂಡು, ಗ್ರಹಣದ ದಿನ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಉಪ್ಪಿಟ್ಟು ಕೊಟ್ಟು, ತಾನೂ ಎದುರಿಗೆ ನಿಂತು ತಿಂದು ಮೂಢನಂಬಿಕೆ ಬಿಡಿಸುವ ಮೇಷ್ಟ್ರು ನಾನು. ಅಂಥವನು ಮೂರು ಅಕ್ಷರಕ್ಕೆ ಹೆದರಿದ್ದನ್ನು ಈಗ ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ.

ಮಗಳು ಹುಟ್ಟಿದ್ದು 2003ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ನನ್ನ ತಾಯಿ ತೀರಿಕೊಂಡಿದ್ದರು. ನಾನೂ ನನ್ನ ಹೆಂಡತಿಯೂ ಸೇರಿ ಮಗುವಿಗೆ 'ಸ್ಪಂದನಾ' ಎಂದು ಹೆಸರು ಆರಿಸಿಟ್ಟಿದ್ದೆವು. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಹೆಸರು ಬರೆಯುವ ಹೊತ್ತಿಗೆ ನನ್ನ ತಂದೆ ಬಂದು ಕೂತರು. ಮಗುವಿನ ಕಿವಿಯ ಹತ್ತಿರ ಬಾಗಿ 'ತಿಮ್ಮಕ್ಕ, ತಿಮ್ಮಕ್ಕ, ತಿಮ್ಮಕ್ಕ' ಎಂದು ಮೂರು ಸಲ ಹೇಳಿ ಎದ್ದು ಹೋದರು. ಅವರು ನನ್ನನ್ನು ಕೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮುದುಕ. ಎದುರಾಡಲು ನನಗೆ ಬಾಯಿ ಬರಲಿಲ್ಲ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ನಮ್ಮ ಕುಣಿಗಲ್ ಕಡೆ ಹಳೆಯ ರೂಢಿಯೇ. ಜನನ ನೋಂದಣಿಯಲ್ಲೂ ಅದೇ ಹೆಸರು ಬರೆಸಿದೆ. ನನ್ನ ಹೆಂಡತಿ ಒಂದು ವಾರ ಮಾತು ಬಿಟ್ಟಳು.

ಹಾಗೆಂದು ಮನೆಯಲ್ಲಿ ಆ ಹೆಸರು ಓಡಾಡಿತೇ? ಇಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು. ತುಂಟತನ ಮಾಡಿದ ಮಗುವನ್ನು ಅತ್ತೆಯ ಹೆಸರು ಹಿಡಿದು 'ಕತ್ತೆ' ಎಂದು ಬೈಯಲಾದೀತೇ? ಹೀಗಾಗಿ ಅವಳು 'ಪುಟ್ಟಿ' ಎಂದಳು. ನಾನೂ ಪುಟ್ಟಿ ಎಂದೆ. ಓರಗೆಯವರೂ ಪುಟ್ಟಿ ಎಂದರು. ತಿಮ್ಮಕ್ಕ ಎಂದು ಕರೆಯುತ್ತಿದ್ದವರು ಊರಿನಲ್ಲಿದ್ದ ನನ್ನ ತಂದೆ ಒಬ್ಬರೇ. ನಾವು ಬಸ್ಸಿಳಿದು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಜಗಲಿಯಿಂದಲೇ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಈ ಹೆಸರುಗಳಿಗೂ ಒಂದೊಂದು ಕಾಲವಿರುತ್ತದೆ. ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿ ಹಾಕುವುದು ನನಗೊಂದು ಹುಚ್ಚು. ನಮ್ಮ ಅಜ್ಜಿಯರ ಓರಗೆಯಲ್ಲಿ ಕೆಂಚಮ್ಮ, ಹನುಮಕ್ಕ, ದ್ಯಾವಮ್ಮ, ಗಿರಿಯಮ್ಮ, ಮುದ್ದಮ್ಮ. ಇವರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೇ ಕಡಿಮೆ. ಆಮೇಲೆ ಜಯಮ್ಮ, ಸರೋಜಮ್ಮ, ಲಲಿತಮ್ಮ ಬಂದರು. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಸಾಲಿನಲ್ಲಿ ಕೂತಿದ್ದವರು ಗೀತಾ, ಮಂಜುಳಾ, ಸುಜಾತಾ. 'ಅಮ್ಮ' ಅಷ್ಟು ಹೊತ್ತಿಗೆ ಉದುರಿಹೋಗಿತ್ತು. ನಾನು ಮೇಷ್ಟ್ರಾದ ಮೇಲೆ ಕಾವ್ಯಾ, ದಿವ್ಯಾ, ರಮ್ಯಾ, ಪೂಜಾಗಳ ಸುಗ್ಗಿ. ಒಂದೇ ತರಗತಿಯಲ್ಲಿ ನಾಲ್ಕು ದಿವ್ಯಾ ಇದ್ದು, ಅವರನ್ನು ಊರಿನ ಹೆಸರಿನಿಂದ ಬೇರೆ ಮಾಡಬೇಕಾಗಿತ್ತು. ಈಗ ಪ್ರಾಥಮಿಕ ಶಾಲೆಗೆ ಬರುತ್ತಿರುವವರು ಆದ್ಯಾ, ಅನ್ವಿ, ಋತ್ವಿ. ಇವು ಚೆಂದದ ಹೆಸರುಗಳೇ. ಆದರೆ ಇನ್ನು ಐವತ್ತು ವರ್ಷಕ್ಕೆ ಇವರ ಮೊಮ್ಮಕ್ಕಳು ಇವುಗಳನ್ನು ಕೇಳಿ ಕಿಸಕ್ಕೆಂದು ನಗುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ತಿಮ್ಮಕ್ಕನ ಕಷ್ಟ ಇನ್ನೂ ಒಂದು ಕೈ ಹೆಚ್ಚಿನದು. ನಮ್ಮ ಕಡೆ 'ತಿಮ್ಮ' ಎಂದರೆ ಕೋತಿಯೂ ಹೌದು. ಬೀಚಿಯವರ ನಗೆಹನಿಗಳಿಂದ ನಾಡಿಗೆಲ್ಲ ಪರಿಚಯವಾದ ತಿಮ್ಮ ಬೇರೆ ಇದ್ದಾನೆ. ಮಗಳು ಎಂಟನೇ ತರಗತಿಗೆ ನಮ್ಮ ಶಾಲೆಗೇ ಸೇರಿದಾಗ ಯಾರೋ ಅವಳ ಡೆಸ್ಕಿನ ಮೇಲೆ ಕಡಲೆಕಾಯಿ ಇಟ್ಟಿದ್ದರು. ಅವಳು ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಆ ಹುಡುಗರನ್ನು ಹುಡುಕಿ ಬೈದೆನೇ ಹೊರತು, ಮರುದಿನವೂ ನಂಬರನ್ನೇ ಕರೆದೆ.

ನಮ್ಮ ಶಾಲೆಯ ಕನ್ನಡ ಪಂಡಿತರಿಗೆ ಈ ವಿಷಯ ತಿಳಿದು ಒಂದು ದಿನ ಸ್ಟಾಫ್ ರೂಮಿನಲ್ಲಿ ನನಗೇ ಪಾಠ ಮಾಡಿದರು. 'ತಿರುಮಲ ಅನ್ನೋದೇ ಜನರ ಬಾಯಲ್ಲಿ ಸವೆದು ತಿಮ್ಮ ಆಗಿದ್ದು ಸ್ವಾಮಿ. ತಿರುಪತಿಗೆ ಹೋಗೋರು ತಿಮ್ಮಪ್ಪನ್ನ ನೋಡೋಕ್ ಹೋಗ್ತೀವಿ ಅಂತಾರೋ, ಕೋತಿ ನೋಡೋಕ್ ಹೋಗ್ತೀವಿ ಅಂತಾರೋ? ಕೃಷ್ಣದೇವರಾಯನ ಮಂತ್ರಿ ಯಾರು? ತಿಮ್ಮರಸು. ಕುಮಾರವ್ಯಾಸ ಬಿಟ್ಟ ಭಾರತದ ಪರ್ವಗಳನ್ನ ಬರೆದೋನು ಯಾರು? ತಿಮ್ಮಣ್ಣ ಕವಿ. ಡಿ.ವಿ.ಜಿ.ಯವರು ಕಗ್ಗಕ್ಕೆ ಯಾರ ಹೆಸರಿಟ್ರು?' ಎಂದು ಒಂದೇ ಉಸಿರಿಗೆ ಕೇಳಿದರು. ಆಮೇಲೆ ಅವರೆಂದ ಮಾತು ನನಗೆ ಇದಕ್ಕಿಂತ ಹಿಡಿಸಿತು. ತೊಟ್ಟಿಲಲ್ಲಿ ಮಲಗಿರುವ ಕೂಸನ್ನು ಅಕ್ಕ ಎಂದೋ ಅಮ್ಮ ಎಂದೋ ಅವ್ವ ಎಂದೋ ಕರೆಯುವುದು ನಮ್ಮ ಹೆಸರಿಡುವ ರೀತಿ. ಹುಟ್ಟಿದ ದಿನವೇ ಹಿರಿತನ ಕೊಟ್ಟುಬಿಡುತ್ತಾರೆ. ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದ್ರೆ ಆ ಹುಡುಗರು ಎಷ್ಟೇ ಆಡ್ಕೊಂಡ್ರೂ ಕೊನೇಲಿ ನನ್ನ ಅಕ್ಕ ಅನ್ಲೇಬೇಕು' ಎಂದು ನಕ್ಕಳು. ಒಡನೆಯೇ, 'ಬೇರೆ ಮೇಷ್ಟ್ರೆಲ್ಲ ಹೆಸರು ಕರೀತಾರೆ. ನೀವೊಬ್ರೇ ನಂಬರ್ ಕರೀತೀರ. ಯಾಕಪ್ಪ?' ಎಂದು ಕೇಳಿದಳು.

'ಟೈಮ್ ಉಳಿಯುತ್ತೆ' ಎಂದೆ.

ಅವಳು ಮತ್ತೆ ಕೇಳಲಿಲ್ಲ. ಮಕ್ಕಳು ಮತ್ತೆ ಕೇಳಲಿಲ್ಲವೆಂದರೆ ಉತ್ತರ ಅವರಿಗೆ ಸಿಕ್ಕಿದೆ ಎಂದರ್ಥ.

2018ರಲ್ಲಿ ಎಸ್ಸೆಸ್ಸೆಲ್ಸಿಗೆ ಹೆಸರು ಕಳಿಸುವ ಕಾಲ ಬಂತು. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಬದಲಿಸುವುದು ಹೆಣಗಾಟದ ಕೆಲಸ ಎಂದು ಪೋಷಕರಿಗೆಲ್ಲ ಗೊತ್ತು. ಮಗಳು ಒಂದು ಚೀಟಿಯಲ್ಲಿ 'ತನುಶ್ರೀ' ಎಂದು ಬರೆದು ನನ್ನ ಮೇಜಿನ ಮೇಲಿಟ್ಟಿದ್ದಳು. ಸತ್ಯ ಹೇಳುತ್ತೇನೆ, ನನಗೆ ಒಳಗೊಳಗೇ ಹಿಗ್ಗಾಯಿತು. ನಾನಾಗಿ ಹೇಳಿದ್ದರೆ ತಂದೆಗೆ ದ್ರೋಹ ಮಾಡಿದಂತಾಗುತ್ತಿತ್ತು. ಈಗ ಮಗಳೇ ಕೇಳುತ್ತಿದ್ದಾಳೆ. 'ತಾತನಿಗೆ ಒಂದು ಮಾತು ಹೇಳಿ ಬರೋಣ' ಎಂದು ದಸರಾ ರಜದಲ್ಲಿ ಊರಿಗೆ ಕರೆದುಕೊಂಡು ಹೋದೆ. ಹೇಳುವ ಕೆಲಸವನ್ನೂ ಅವಳಿಗೇ ಬಿಟ್ಟೆ.

ಅವಳು ಹೇಳಿದಳು. ನನ್ನ ತಂದೆಗೆ ಆಗ ಎಂಬತ್ತು. ಜಗಲಿಯ ಕಂಬಕ್ಕೆ ಒರಗಿ ಎಲೆ ಮಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

'ಹಾಕಿಸ್ಕೊ ಮಗ, ಅದಕ್ಕೇನು' ಎಂದರು. ಎಲೆ ಬಾಯಿಗಿಟ್ಟುಕೊಂಡು ಬಹಳ ಹೊತ್ತಾದ ಮೇಲೆ ಮತ್ತೆ ಶುರುಮಾಡಿದರು: 'ನಿಮ್ಮಜ್ಜಿ ಈ ಮನೇಲಿ ನಲವತ್ತು ವರ್ಸ ಬಾಳಿದ್ಲು. ಒಂದು ದಿವ್ಸ ನಾನು ಅವಳ ಹೆಸ್ರು ಹಿಡಿದು ಕರೆದೋನಲ್ಲ. ಆಗೆಲ್ಲ ಕರಿಯೋ ಹಂಗಿರ್ಲಿಲ್ಲ. "ಏ ಇವಳೇ" ಅಂತಿದ್ದೆ, ಇಲ್ಲಾಂದ್ರೆ ಬಾಗ್ಲಲ್ಲಿ ನಿಂತು ಕೆಮ್ಮುತಿದ್ದೆ. ಅವಳು ಹೋದ್ಮೇಲೆ ನೀನು ಬಂದೆ. ನಿನ್ನ ನೆಪದಾಗೆ ಬಾಯ್ತುಂಬ ಕೂಗ್ದೆ. ಇಷ್ಟು ವರ್ಸ ಕೂಗಿದ್ದೀನಲ್ಲ, ಸಾಕು. ನಿಂಗೆ ಯಾವ್ದು ಬೇಕೋ ಅದು ಬರೆಸ್ಕೊ.'

ನಾನು ಅಂಗಳಕ್ಕೆ ಎದ್ದು ಬಂದೆ. ನನಗೆ ಒಂದು ಹಳೆಯ ದಿನ ನೆನಪಾಗಿತ್ತು. ಅವ್ವನಿಗೆ ಕಾಯಿಲೆ ಜೋರಾದಾಗ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕೂರಿಸಿ ನಾನು ಚೀಟಿ ಮಾಡಿಸಲು ಹೋಗಿದ್ದಾಗ ಒಳಗಿನಿಂದ 'ತಿಮ್ಮಕ್ಕ ಯಾರ್ರೀ? ತಿಮ್ಮಕ್ಕ!' ಎಂದು ಕೂಗಿದರು. ಅವ್ವ ಏಳಲಿಲ್ಲ. ಎರಡನೇ ಸಲ ಕೂಗಿದಾಗ ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳೂ ಅತ್ತಿತ್ತ ನೋಡಿದಳಂತೆ. ನಾನು ಬರುವಷ್ಟರಲ್ಲಿ ಸರದಿ ತಪ್ಪಿಹೋಗಿತ್ತು. 'ಕೂಗಿದ್ರೆ ಏಳಬಾರ್ದೇನವ್ವ?' ಎಂದು ರೇಗಿದೆ. ಅವಳು, 'ನಂಗೇ ಅಂತ ಗೊತ್ತಾಗ್ಲಿಲ್ಲ ಕಣಪ್ಪ' ಎಂದಳು.

ಗೊತ್ತಾಗುವುದಾದರೂ ಹೇಗೆ? ಗಂಡ ಹೆಸರು ಹೇಳುವುದಿಲ್ಲ. ಮಕ್ಕಳಿಗೆ ಅವಳು ಅವ್ವ. ಸೊಸೆಗೆ ಅತ್ತೆ. ಊರವರಿಗೆ ಇಂಥವರ ಮನೆಯವಳು. ನನಗೆ ಕೆಲಸ ಸಿಕ್ಕ ಮೇಲೆ 'ಮೇಷ್ಟ್ರ ತಾಯಿ'. ತವರಿನ ಅಣ್ಣತಮ್ಮಂದಿರು ಬಂದಾಗ ವರ್ಷಕ್ಕೊಂದೆರಡು ಸಲ ಕರೆದಿದ್ದರೆ ಕರೆದಿರಬೇಕು. ಉಳಿದಂತೆ ಆ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ. ನಾನು ಹಳೆಯದು, ಸವೆದದ್ದು ಎಂದು ಅಂದುಕೊಂಡಿದ್ದ ಹೆಸರು ನೋಡಿದರೆ ಬಳಸದೆ ಪೆಟ್ಟಿಗೆಯಲ್ಲಿಟ್ಟ ಸೀರೆಯಂತೆ ಹೊಸದಾಗಿಯೇ ಇತ್ತು. ಅದನ್ನು ಮೊದಲು ಉಟ್ಟವಳು ನನ್ನ ಮಗಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ, 'ಅರ್ಜಿ ಕೊಡೋದ್ ಬೇಡಪ್ಪ, ಹಾಗೇ ಇರ್ಲಿ' ಎಂದಳು. ಏಕೆ ಎಂದು ನಾನು ಕೇಳಲಿಲ್ಲ.

ಇಲ್ಲಿ ವಿಜ್ಞಾನದ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. 1968ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅರ್ಥವೇ ತಿಳಿಯದ, ಟರ್ಕಿ ಭಾಷೆಯಂತೆ ಕಾಣುವ ಪದಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಹಲವು ಸಲ. ಆಮೇಲೆ ಈ ಪದಗಳಲ್ಲಿ ಯಾವುದಕ್ಕೆ ಒಳ್ಳೆಯ ಅರ್ಥವಿರಬಹುದು ಎಂದು ಕೇಳಿದಾಗ, ಹೆಚ್ಚು ಸಲ ಕಂಡಿದ್ದ ಪದಗಳ ಕಡೆಗೇ ಅವರ ಒಲವು ವಾಲಿತ್ತು. ಚೀನೀ ಅಕ್ಷರದಂಥ ಗುರುತುಗಳಲ್ಲೂ, ಮುಖಗಳ ಚಿತ್ರಗಳಲ್ಲೂ ಇದೇ ಫಲಿತಾಂಶ. ಕಿವಿಗೆ, ಕಣ್ಣಿಗೆ ಬಳಕೆಯಾದದ್ದು ಮನಸ್ಸಿಗೂ ಹಿತವಾಗುತ್ತದೆ. ಇದನ್ನು ಓದಿದಾಗ ನನಗೆ ನನ್ನ ಹಾಜರಿ ಪುಸ್ತಕವೇ ಕಣ್ಣಮುಂದೆ ಬಂತು. ದಿನಕ್ಕೊಂದು ಸಲ ಕರೆದಿದ್ದರೂ ಮೂರು ವರ್ಷಕ್ಕೆ ಎಷ್ಟು ನೂರು ಸಲ ಆಗುತ್ತಿತ್ತು! ಆ ಹೆಸರು ನನಗೂ, ಆ ಹುಡುಗರಿಗೂ ಹಿತವಾಗುವ ಅವಕಾಶವನ್ನು ನಾನೇ ಎರಡು ನಿಮಿಷ ಉಳಿಸುವ ಹೆಸರಿನಲ್ಲಿ ತಪ್ಪಿಸಿದ್ದೆ.

ಮುಂದಿನದು ನಾನು ಮಾಡಿದ್ದಲ್ಲ, ತಾನಾಗಿ ಆದದ್ದು. 2019ರ ಜನವರಿಯಲ್ಲಿ ಸಾಲುಮರದ ತಿಮ್ಮಕ್ಕನವರಿಗೆ ಪದ್ಮಶ್ರೀ ಘೋಷಣೆಯಾಯಿತು. ಮರುದಿನವೇ ಗಣರಾಜ್ಯೋತ್ಸವ. ಧ್ವಜಾರೋಹಣವಾದ ಮೇಲೆ ಮುಖ್ಯೋಪಾಧ್ಯಾಯರು ಅವರ ಬಗ್ಗೆ ಎರಡು ಮಾತು ಹೇಳಿ, 'ಉಳಿದದ್ದನ್ನು ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಾರೆ' ಎಂದು ನನ್ನ ಕಡೆ ಕೈ ತೋರಿಸಿದರು.

ಹೇಳಬೇಕಾಯಿತು. ಮಾಗಡಿ ತಾಲ್ಲೂಕಿನ ಹುಲಿಕಲ್ ನಮಗೆ ದೂರದ ಊರೇನಲ್ಲ. ತಿಮ್ಮಕ್ಕ ಶಾಲೆಗೆ ಹೋದವರಲ್ಲ, ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ಸೇರಿ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರ ಮರುವರ್ಷ 20. ಹೀಗೆ ಸುಮಾರು 4 ಕಿಲೋಮೀಟರಿನ ಉದ್ದಕ್ಕೂ ಬೆಳೆದದ್ದು 385 ಮರ ಎಂಬುದು ಪ್ರಸಿದ್ಧವಾದ ಲೆಕ್ಕ. ನೀರು ಹೊತ್ತದ್ದು ಬಿಂದಿಗೆಯಲ್ಲಿ.

ಆಲದ ಬೀಜ ನೆಲದಲ್ಲಿ ಬಿದ್ದು ಮರವಾಗುವುದು ಸುಲಭವಲ್ಲ. ನಾವು ಹಣ್ಣು ಎನ್ನುವುದು ನಿಜವಾಗಿ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರೊಳಗೆ ನೂರಾರು ಪುಟ್ಟ ಹೂಗಳಿವೆ. ಆಲಕ್ಕೆಂದೇ ಇರುವ ಒಂದು ಸಣ್ಣ ಕಣಜ ತುದಿಯ ತೂತಿನಿಂದ ನುಗ್ಗಿ ಪರಾಗಸ್ಪರ್ಶ ಮಾಡಬೇಕು. ಆಮೇಲೆ ಹಕ್ಕಿ ತಿಂದು ಹಿಕ್ಕೆ ಹಾಕಬೇಕು. ಅದು ಮೊಳೆಯುವುದು ಹೆಚ್ಚಾಗಿ ಇನ್ನೊಂದು ಮರದ ಸಂದಿಯಲ್ಲಿ, ಪಾಳುಗೋಡೆಯ ಬಿರುಕಿನಲ್ಲಿ. ರಸ್ತೆ ಬದಿಯಲ್ಲಿ ಎಳೆಯ ಆಲ ತಲೆಯೆತ್ತಿದರೆ ಆಡು ಬಿಡುತ್ತದೆಯೇ? ಆದ್ದರಿಂದ ಸಸಿಗಿಂತ ಹೆಚ್ಚಿನ ಕೆಲಸ ಮುಳ್ಳಿನ ಬೇಲಿಯದು, ಅದಕ್ಕಿಂತ ಹೆಚ್ಚಿನದು ನೀರಿನದು. ಇದೆಲ್ಲ ವಿವರಿಸಿ, ಆಂಧ್ರದ ಕದಿರಿಯ ಹತ್ತಿರ ಸುಮಾರು ಐದು ಎಕರೆ ಹರಡಿ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಆಲದ ಹೆಸರೂ 'ತಿಮ್ಮಮ್ಮ ಮರ್ರಿಮಾನು' ಎಂದೆ. ಗಂಡನ ಚಿತೆಯೇರಿದ ತಿಮ್ಮಮ್ಮನ ಕಥೆಯನ್ನು ಆ ಮರಕ್ಕೆ ಹೇಳುತ್ತಾರೆ. ಆ ಕಥೆ ನನಗೆ ಒಗ್ಗುವುದಿಲ್ಲ; ಮಕ್ಕಳಿಗೆ ಮರದ ಅಳತೆಯನ್ನಷ್ಟೇ ಹೇಳಿದೆ.

ಪಾಠದ ನಡುವೆ ಎಷ್ಟು ಸಲ ತಿಮ್ಮಕ್ಕ ಎಂದೆನೋ ಲೆಕ್ಕವಿಡಲಿಲ್ಲ. ಮೊದಮೊದಲು ಹುಡುಗರು ಕತ್ತು ತಿರುಗಿಸಿ ನನ್ನ ಮಗಳ ಕಡೆ ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟು ಬರೆದುಕೊಂಡರು. ಮರುದಿನ ಹಾಜರಿ ಪುಸ್ತಕ ತೆಗೆದು ಮೊದಲ ಹೆಸರಿನಿಂದ ಒಂದೊಂದನ್ನೇ ಕರೆಯುತ್ತಾ ಬಂದೆ. ತರಗತಿಯಲ್ಲಿ ಗುಸುಗುಸು ಎದ್ದಿತು. 33 ಆಯಿತು. ಗಂಟಲು ಸರಿಮಾಡಿಕೊಂಡು 'ತಿಮ್ಮಕ್ಕ' ಎಂದೆ. ಉತ್ತರವಿಲ್ಲ. ತಲೆಯೆತ್ತಿ ನೋಡಿದರೆ ಅವಳು ನನ್ನನ್ನೇ ದಿಟ್ಟಿಸುತ್ತಿದ್ದಾಳೆ. ಇನ್ನೊಮ್ಮೆ ಕರೆದೆ. 'ಹಾಜರಿ ಸಾರ್' ಎಂದಳು. ಬೇಕೆಂದೇ ಎರಡು ಸಲ ಕರೆಸಿದಳೆಂದು ನನ್ನ ಗುಮಾನಿ.

ಫೆಬ್ರವರಿಯ ಒಂದು ಭಾನುವಾರ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕುದೂರಿನ ರಸ್ತೆಗೆ ಹೋಗಿ ಬಂದೆ. ಬಿಸಿಲಿನಿಂದ ಆ ನೆರಳಿನೊಳಕ್ಕೆ ಹೊಕ್ಕರೆ ಮೈಮೇಲಿನ ಗಾಳಿಯೇ ಬದಲಾಗುತ್ತದೆ. ಅವಳು ಇಳಿದು ಮರಗಳನ್ನು ಎಣಿಸಲು ಹೊರಟಳು. ಅರವತ್ತರ ಹತ್ತಿರ ಲೆಕ್ಕ ತಪ್ಪಿ ಬಿಟ್ಟಳು. ಮುಂದಿನ ತಿಂಗಳು ರಾಷ್ಟ್ರಪತಿ ಭವನದಲ್ಲಿ ತಿಮ್ಮಕ್ಕನವರು ಪ್ರಶಸ್ತಿ ಪಡೆಯುತ್ತಾ, ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆಯ ಮೇಲೆ ಕೈಯಿಟ್ಟು ಹರಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಪರೀಕ್ಷೆಯ ಗಡಿಬಿಡಿಯಲ್ಲೂ ಅವಳು ಅದನ್ನು ಕತ್ತರಿಸಿ ತಾತನಿಗೆ ತೋರಿಸಲು ಇಟ್ಟುಕೊಂಡಳು. ತಾತ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದರು. 2021ರಲ್ಲಿ ಅವರು ತೀರಿಕೊಂಡಾಗಲೂ ಅದು ಅಲ್ಲೇ ಇತ್ತು.

ಇದನ್ನೆಲ್ಲ ಕೇಳಿದ ಕೆಲವು ಪೋಷಕರು, 'ಹಾಗಾದರೆ ಹಳೆಯ ಹೆಸರೆಲ್ಲ ಒಳ್ಳೆಯದೇ ಮೇಷ್ಟ್ರೇ?' ಎಂದು ಕೇಳಿದ್ದಾರೆ. ಇಲ್ಲ. ಸಾಲಾಗಿ ಹೆಣ್ಣು ಹುಟ್ಟಿದಾಗ 'ಇನ್ನು ಸಾಕು' ಎಂದು ಸಾಕಮ್ಮ ಎಂದಿಟ್ಟದ್ದುಂಟು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದು ಕರೆದದ್ದುಂಟು. ತಿಪ್ಪಮ್ಮನಲ್ಲಿ ಮಗು ಬದುಕಲಿ ಎಂಬ ಆಸೆಯಿದೆ. ಬೇಡವೆಂದು ಇಟ್ಟ ಹೆಸರಿನಲ್ಲಿ ಏನಿದೆ? ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಶಿ', ಅಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ 280ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಸರ್ಕಾರವೇ ಸಮಾರಂಭ ಮಾಡಿ ಹೊಸ ಹೆಸರು ಕೊಡಿಸಿತು. ಅದು ಸರಿಯಾದ ಕೆಲಸ. ಆದರೂ ಸಾಕಮ್ಮ ಎಂಬ ಹೆಸರಿಗೆ ಬೆಂಗಳೂರಿನಲ್ಲಿ ಕಾಫಿಪುಡಿಯ ಕಂಪು ಹಿಡಿಸಿದ ಹೆಂಗಸೂ ಇದ್ದರು. ಬಸವನಗುಡಿಯ ಕಡೆ ಸಾಕಮ್ಮ ಗಾರ್ಡನ್ ಎಂದರೆ ಇಂದಿಗೂ ದಾರಿ ತೋರಿಸುತ್ತಾರೆ. ನನ್ನ ಲೆಕ್ಕ ಇಷ್ಟೇ: ಮಗುವಿಗೆ ಹೆಸರು ಇಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಮೊದಲು ಕೇಳಿ ತಿಳಿಯಿರಿ. ಅರ್ಜಿ ಆಮೇಲೆ ಬರೆಯಬಹುದು.

ಮಗಳು ನರ್ಸಿಂಗ್ ಓದಿ, ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿದೆ. ಹಳ್ಳಿಗಳಿಂದ ಬಂದ ಮುದುಕಿಯರು ಅವಳ ಹೆಸರು ಕೇಳಿ ಕೈ ಹಿಡಿದುಕೊಳ್ಳುತ್ತಾರಂತೆ. ಉಳಿದವರು 'ಸಿಸ್ಟರ್ ತಿಮ್ಮಕ್ಕ' ಎನ್ನುತ್ತಾರೆ. 'ಎರಡೆರಡು ಸಲ ಅಕ್ಕ ಅನ್ನಿಸ್ಕೊಳ್ಳೋ ನರ್ಸ್ ನಾನೊಬ್ಳೇ' ಎಂಬುದು ಅವಳ ಬಡಾಯಿ. ತೊಂದರೆ ಇಲ್ಲವೆಂದಲ್ಲ: ಇಂಗ್ಲಿಷಿನಲ್ಲಿ ಬರೆಯುವಾಗ ಅಂಕಪಟ್ಟಿಯಲ್ಲಿ ಒಂದು 'ಎಚ್' ಹೆಚ್ಚಾಗಿದೆ, ಆಧಾರಿನಲ್ಲಿ ಅದಿಲ್ಲ. ಆ ಒಂದು ಅಕ್ಷರಕ್ಕಾಗಿ ಅವಳು ಇನ್ನೂ ಕಚೇರಿ ಅಲೆಯುತ್ತಿದ್ದಾಳೆ.

2025ರ ನವೆಂಬರ್ 14ರಂದು ನಮ್ಮ ಶಾಲೆಯಲ್ಲಿ ಮಕ್ಕಳ ದಿನಾಚರಣೆ ಮುಗಿಸಿ ಕುರ್ಚಿಗಳನ್ನು ಎತ್ತಿಡಿಸುತ್ತಿದ್ದಾಗ, ಸಾಲುಮರದ ತಿಮ್ಮಕ್ಕ ತೀರಿಕೊಂಡ ಸುದ್ದಿ ಬಂತು. ಅವರಿಗೆ 114 ವರ್ಷ ಎಂದು ಹೇಳಿದರು. ಸಂಜೆ ಮಗಳ ಫೋನು ಬಂತು. ಅವಳು ಫೋನು ಮಾಡಿದಾಗಲೆಲ್ಲ, ಅದರಲ್ಲೂ ನನ್ನ ಮೇಲೆ ಸಿಟ್ಟಿದ್ದಾಗ, 'ಹಲೋ, 34 ಮಾತಾಡ್ತಿರೋದು' ಎಂದೇ ಶುರುಮಾಡುತ್ತಾಳೆ. ಅವತ್ತು ಸಿಟ್ಟಿರಲಿಲ್ಲ, ಆದರೂ ಹಾಗೆಯೇ ಅಂದಳು.

'ಹೇಳವ್ವ ತಿಮ್ಮಕ್ಕ' ಎಂದೆ.

'ಕೇಳಿಸ್ತಿಲ್ಲಪ್ಪ, ಸ್ವಲ್ಪ ಜೋರಾಗಿ ಕರೀರಿ' ಎಂದಳು.